ಹತ್ತಿಮತ್ತೂರಿನ ಬಾಲಕನ ಪ್ರಶ್ನೆಗೆ ಸಮುದಾಯ ಉತ್ತರಿಸಲಿ

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಹತ್ತಿಮತ್ತೂರಿನಿಂದ ಓದುಗ ಸಹೋದರರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಸವಣೂರು, ಶಿಗ್ಗಾಂವಿ, ಲಕ್ಷ್ಮೇಶ್ವರದ ಸಂತೆಗಳಲ್ಲಿ ಸಿದ್ಧ ಉಡುಪು ಮಾರಿ ಸಂಸಾರ ಸಾಗಿಸುವವರು ಅವರು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗ ತಾನು ವಿಮಾನದ ಪೈಲಟ್ ಆಗಬೇಕೆಂದು ಹಠ ಹಿಡಿದಿದ್ದಾನೆ. ನೆಂಟರು ನಗುತ್ತಾರೆ. ಮೊದಲು ಅಬ್ಬಾನ ಬೈಕಿಗೆ ಪೆಟ್ರೋಲು ಹಾಕಿಸು, ಆಮೇಲೆ ವಿಮಾನ ಹಾರಿಸುವೆಯಂತೆ ಎಂದು ಚಿಕ್ಕಪ್ಪ ಗೇಲಿ ಮಾಡಿದ್ದಾರೆ. ಪತ್ರದ ಕೊನೆಯಲ್ಲಿ ಆ ತಂದೆ ಕೇಳಿರುವುದು ಒಂದೇ ಪ್ರಶ್ನೆ: ‘ನಮ್ಮಂಥವರ ಮಕ್ಕಳಿಗೆ ಇದು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಈಗಲೇ ಹೇಳಿಬಿಡಿ, ಮಗನಿಗೆ ತಿಳಿಹೇಳುತ್ತೇನೆ. ಸಾಧ್ಯವಿದ್ದರೆ ನಾನು ಇಂದು ಏನು ಮಾಡಬೇಕು?’

ಈ ಪ್ರಶ್ನೆಯನ್ನು ನಗುವಿನಲ್ಲಿ ತೇಲಿಸಿಬಿಡುವುದು ಸುಲಭ. ಆದರೆ ಇದು ಒಂದು ಮನೆಯ ಪ್ರಶ್ನೆಯಲ್ಲ. ನಮ್ಮ ಸಮುದಾಯಕ್ಕೂ ವಿಮಾನಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಹಜ್ಜ್ ಯಾತ್ರಿಕರಾಗಿ, ಉಮ್ರಾ ಯಾತ್ರಿಕರಾಗಿ, ಕೊಲ್ಲಿ ರಾಷ್ಟ್ರಗಳ ಕಾರ್ಮಿಕರಾಗಿ ಅರ್ಧ ಶತಮಾನದಿಂದ ನಾವು ವಿಮಾನಗಳ ಆಸನಗಳನ್ನು ತುಂಬಿದ್ದೇವೆ. ಟಿಕೆಟ್ ಕಾಯ್ದಿರಿಸುವ ಏಜೆನ್ಸಿಗಳನ್ನೂ ನಡೆಸಿದ್ದೇವೆ. ಆದರೆ ಆ ವಿಮಾನದ ಮುಂಬಾಗಿಲ ಒಳಗೆ ಕುಳಿತು ಅದನ್ನು ನಡೆಸುವವರು ಯಾರು, ಅಲ್ಲಿಗೆ ತಲುಪುವ ದಾರಿ ಯಾವುದು ಎಂದು ಕೇಳುವ ಅಭ್ಯಾಸ ನಮಗಿಲ್ಲ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ಐಎಎಸ್‌ನಲ್ಲಿ ನಮ್ಮ ಪಾಲು ಶೇ. 3 ಎಂದು ತೋರಿಸಿದಾಗ ನಾವು ವೇದಿಕೆಗಳಲ್ಲಿ ಮರುಗಿದೆವು. ಮರುಗುವುದರ ಜೊತೆಗೆ, ಎಂಟನೆಯ ತರಗತಿಯ ಮಗುವಿಗೆ ದಾರಿ ತೋರಿಸುವ ಕೆಲಸವನ್ನು ಎಷ್ಟು ಮಹಲ್ಲಾಗಳು ಮಾಡಿವೆ?

ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಹೈದರಾಬಾದಿನಲ್ಲಿದೆ. ಅಲ್ಲಿಯ ಬೇಕರಿ ಕಾರ್ಮಿಕರೊಬ್ಬರ ಮಗಳು ಸೈಯದಾ ಸಲ್ವಾ ಫಾತಿಮಾ ತಾನು ಪೈಲಟ್ ಆಗಬೇಕೆಂದಾಗ ಆಕೆಯನ್ನು ಗೇಲಿ ಮಾಡದೆ ಕೈಹಿಡಿದವರು ‘ಸಿಯಾಸತ್’ ಉರ್ದು ದಿನಪತ್ರಿಕೆಯ ಸಂಪಾದಕ ಝಾಹಿದ್ ಅಲಿ ಖಾನ್. 2007ರಲ್ಲಿ ಆಕೆ ಆಂಧ್ರಪ್ರದೇಶ ಏವಿಯೇಶನ್ ಅಕಾಡೆಮಿಗೆ ಸೇರಿದರು. 2013ರಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದರು. ಮುಂದಿನ ದುಬಾರಿ ತರಬೇತಿಗೆ ಹಣವಿಲ್ಲದೆ ನಿಂತಾಗ ತೆಲಂಗಾಣ ಸರ್ಕಾರ ನೆರವಿಗೆ ಬಂತು. ಹಿಜಾಬ್ ಧರಿಸಿಯೇ ಆಕೆ ಈ ದಾರಿಯನ್ನು ಕ್ರಮಿಸಿದರು. ಇನ್ನೂ ಹಿಂದಕ್ಕೆ ಹೋದರೆ, 1978ರಿಂದ 1981ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಇದ್ರೀಸ್ ಹಸನ್ ಲತೀಫ್ ಕೂಡ ಅದೇ ಹೈದರಾಬಾದಿನವರು. ಆದ್ದರಿಂದ ಸಾಧ್ಯವೇ ಎಂದು ಕೇಳುವ ಕಾಲ ಮುಗಿದಿದೆ. ಹೇಗೆ ಎಂದು ಕೇಳುವ ಕಾಲ ಇದು.

ಹಾಗಾದರೆ ದಾರಿ ಯಾವುದು? ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹತ್ತನೆಯ ತರಗತಿ ಪಾಸಾಗಿ 16 ವರ್ಷ ತುಂಬಿದವರು ವಿದ್ಯಾರ್ಥಿ ಪೈಲಟ್ ಲೈಸೆನ್ಸ್ ಪಡೆಯಬಹುದು. ಸಂಬಳಕ್ಕಾಗಿ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 18 ವರ್ಷ ತುಂಬಿರಬೇಕು. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿ ಪಾಸಾಗಿರಬೇಕೆಂಬುದು ಬಹುಕಾಲದ ನಿಯಮ. ಇದನ್ನು ಸಡಿಲಿಸುವ ಚರ್ಚೆ 2025ರಲ್ಲಿ ನಡೆದಿದೆಯಾದರೂ ಆ ಚರ್ಚೆಯನ್ನು ನಂಬಿ ಈ ಎರಡು ವಿಷಯಗಳನ್ನು ಬಿಡುವುದು ಜಾಣತನವಲ್ಲ. ಲೈಸೆನ್ಸಿಗೆ 200 ತಾಸುಗಳ ಹಾರಾಟ ಬೇಕು, ಅದರಲ್ಲಿ 100 ತಾಸು ತಾನೇ ವಿಮಾನದ ಹೊಣೆ ಹೊತ್ತು ಹಾರಿರಬೇಕು. ವಾಯುಮಾರ್ಗ ನಿರ್ಣಯ, ಹವಾಮಾನ, ವಿಮಾನಯಾನ ನಿಯಮಗಳು, ವಿಮಾನದ ತಾಂತ್ರಿಕ ಜ್ಞಾನ ಮುಂತಾದ ಲಿಖಿತ ಪರೀಕ್ಷೆಗಳಲ್ಲಿ ಶೇ. 70 ಅಂಕ ಗಳಿಸಬೇಕು. ರೇಡಿಯೋ ಸಂವಹನದ ಪರೀಕ್ಷೆ ಬೇರೆ. ವೈದ್ಯಕೀಯ ತಪಾಸಣೆ ಬೇರೆ. ಇಷ್ಟಾದ ಮೇಲೆ ದೊಡ್ಡ ವಿಮಾನದ ಒಂದು ನಿರ್ದಿಷ್ಟ ಮಾದರಿಯನ್ನು ಹಾರಿಸುವ ‘ಟೈಪ್ ರೇಟಿಂಗ್’ ತರಬೇತಿ. ಅನಂತರ ಸಹಪೈಲಟ್ ಹುದ್ದೆ. ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಲೈಸೆನ್ಸಿಗೆ 21 ವರ್ಷ ವಯಸ್ಸು ಮತ್ತು 1500 ತಾಸುಗಳ ಹಾರಾಟ.

ಇದನ್ನು ಓದಿದ ಕೂಡಲೇ ಹೆತ್ತವರ ಮನಸ್ಸಿಗೆ ಬರುವುದು ಹಣದ ಚಿಂತೆ. ಆ ಚಿಂತೆ ನ್ಯಾಯವಾದದ್ದೇ, ಅದರ ಬಗ್ಗೆ ಮುಂದೆ ಹೇಳುತ್ತೇವೆ. ಆದರೆ ನಮ್ಮ ಮಕ್ಕಳ ಪಾಲಿಗೆ ಈ ಬಾಗಿಲು ಮುಚ್ಚುವುದು ಹದಿನೆಂಟನೆಯ ವಯಸ್ಸಿನಲ್ಲಿ ಹಣದ ಕೊರತೆಯಿಂದಲ್ಲ. ಅದಕ್ಕೂ ಮೂರು ವರ್ಷ ಮುಂಚೆ, ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ ಮುಚ್ಚುತ್ತದೆ. ಗಣಿತ ಕಷ್ಟವೆಂದು ಹೆದರಿ, ವಿಜ್ಞಾನ ನಮಗಲ್ಲವೆಂದು ತೀರ್ಮಾನಿಸಿ, ಯಾರೋ ಹೇಳಿದರೆಂದು ಸಿಕ್ಕಿದ ವಿಭಾಗಕ್ಕೆ ಸೇರಿಸುವ ಆ ಒಂದು ದಿನ ಎಷ್ಟೋ ದಾರಿಗಳನ್ನು ಮುಚ್ಚಿಬಿಡುತ್ತದೆ. ಮದ್ರಸದಲ್ಲಿ ಕಲಿತು ಕಲಾ ವಿಭಾಗದಲ್ಲಿ ಪದವಿ ಪಡೆದ ಈ ಬರಹಗಾರನಿಗೆ ತನ್ನ ಓದಿನ ಬಗ್ಗೆ ಕೀಳರಿಮೆಯಿಲ್ಲ. ಆದರೆ ಆಯ್ಕೆಯ ದಿನ ಎದುರಿನಲ್ಲಿ ಎಷ್ಟು ದಾರಿಗಳಿದ್ದವೆಂದು ಹೇಳುವವರೇ ಇರಲಿಲ್ಲ ಎಂಬುದೂ ಸತ್ಯ.

ಆದ್ದರಿಂದ ಹದಿಮೂರರಿಂದ ಹದಿನೇಳರವರೆಗಿನ ಸಿದ್ಧತೆ ಮುಖ್ಯ. ಸಂತೋಷದ ವಿಚಾರವೆಂದರೆ ಈ ಸಿದ್ಧತೆಗೆ ಲಕ್ಷಗಳು ಬೇಕಿಲ್ಲ.

ಮೊದಲನೆಯದು ಕಣ್ಣಿನ ಪರೀಕ್ಷೆ. ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವೈದ್ಯರಲ್ಲಿ ಮಗುವಿನ ದೃಷ್ಟಿಯನ್ನೂ ಬಣ್ಣಗಳನ್ನು ಗುರುತಿಸುವ ಶಕ್ತಿಯನ್ನೂ ಪರೀಕ್ಷಿಸಿರಿ. ಕನ್ನಡಕ ಹಾಕಿದವರು ಪೈಲಟ್ ಆಗಲಾರರು ಎಂಬುದು ತಪ್ಪು ತಿಳುವಳಿಕೆ. ಕನ್ನಡಕದಿಂದ ದೃಷ್ಟಿ ಸರಿಹೋಗುವುದಾದರೆ ನಾಗರಿಕ ವಿಮಾನಯಾನದಲ್ಲಿ ಅದು ಅಡ್ಡಿಯಲ್ಲ. ಆದರೆ ಬಣ್ಣಗುರುಡು ದೊಡ್ಡ ಅಡ್ಡಿ. ಹೊರನೋಟಕ್ಕೆ ಅದು ಗೊತ್ತಾಗುವುದೇ ಇಲ್ಲ. ಲಕ್ಷಾಂತರ ರೂಪಾಯಿ ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಹದಿಮೂರರಲ್ಲಿ ತಿಳಿಯುವುದು ಲೇಸು. ಮುಂದೆ ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಎರಡನೆಯ ದರ್ಜೆಯ ತಪಾಸಣೆ, ಅನಂತರ ಮೊದಲನೆಯ ದರ್ಜೆಯ ತಪಾಸಣೆ ಇರುತ್ತದೆ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇಂತಹ ತಪಾಸಣೆಗೆ ಹೆಸರಾದದ್ದು. ಯಾವುದೇ ತರಬೇತಿ ಸಂಸ್ಥೆಗೆ ಶುಲ್ಕ ಕಟ್ಟುವ ಮುಂಚೆ ಈ ತಪಾಸಣೆ ಮುಗಿದಿರಲಿ.

ಎರಡನೆಯದು ಗಣಿತ. ಪೈಲಟ್‌ಗೆ ಬೇಕಾಗುವ ಗಣಿತ ಯಾವುದೋ ಲೋಕದ್ದಲ್ಲ. ಒಂಬತ್ತು, ಹತ್ತನೆಯ ತರಗತಿಯ ಕೋನ, ತ್ರಿಕೋನಮಿತಿ, ವೇಗ, ದೂರ, ಕಾಲದ ಲೆಕ್ಕವೇ ಅದರ ಅಡಿಪಾಯ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ 60 ಮೈಲಿ ಹಾರಿದ ಮೇಲೆ ವಿಮಾನ ಒಂದು ಮೈಲಿಯಷ್ಟು ಪಕ್ಕಕ್ಕೆ ಸರಿದಿರುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ ರನ್‌ವೇ ಮೇಲೆ 09 ಎಂದು ಬರೆದಿರುವುದು 90 ಡಿಗ್ರಿಯನ್ನು, ಅಂದರೆ ಪೂರ್ವ ದಿಕ್ಕನ್ನು ಸೂಚಿಸುತ್ತದೆ. ನಮ್ಮ ಮಸೀದಿಯ ಗೋಡೆಯಲ್ಲಿ ತೂಗುಹಾಕಿದ ನಮಾಝ್ ವೇಳಾಪಟ್ಟಿಯೂ ಇದೇ ವಿದ್ಯೆಯ ಪಾಠ. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಬೆಂಗಳೂರಿಗಿಂತ ಪಶ್ಚಿಮಕ್ಕಿರುವ ಸವಣೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು ಒಂಬತ್ತು ನಿಮಿಷ ತಡ. ಝುಹ್ರ್ ವೇಳೆ ಬದಲಾಗುವುದು ಅದಕ್ಕೆ. ಕಿಬ್ಲಾದ ದಿಕ್ಕನ್ನು ಕಂಡುಹಿಡಿಯಲು ಅಲ್‌ಬಿರೂನಿಯಂತಹ ವಿದ್ವಾಂಸರು ಹನ್ನೊಂದನೆಯ ಶತಮಾನದಲ್ಲಿ ಬೆಳೆಸಿದ ಗೋಳಗಣಿತವೂ ಇಂದು ಪೈಲಟ್ ಕಲಿಯುವ ಮಾರ್ಗ ನಿರ್ಣಯವೂ ಒಂದೇ ಬಳ್ಳಿಯ ಕಾಯಿಗಳು. ಒಂಬತ್ತನೆಯ ಶತಮಾನದಲ್ಲಿ ಕೊರ್ಡೊವಾದ ಅಬ್ಬಾಸ್ ಇಬ್ನು ಫಿರ್ನಾಸ್ ರೆಕ್ಕೆ ಕಟ್ಟಿ ಹಾರಲು ಯತ್ನಿಸಿದನೆಂದು ನಾವು ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ. ಮನೆಯ ಮಗು ಗಣಿತದಲ್ಲಿ ಹಿಂದುಳಿದಿರುವಾಗ ಆ ಹೆಮ್ಮೆಗೆ ಬೆಲೆಯೇನು?

ಮೂರನೆಯದು ಭೌತಶಾಸ್ತ್ರ ಮತ್ತು ಆಕಾಶದ ಪರಿಚಯ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ, ತೆಳುವಾದ ಗಾಳಿಯಲ್ಲಿ ಮೇಲೇರಲು ವಿಮಾನಕ್ಕೆ ಹೆಚ್ಚು ಉದ್ದದ ರನ್‌ವೇ ಬೇಕು. ಮುಂಗಾರಿಗೆ ಮುನ್ನ ಸಂಜೆ ಹೊತ್ತು ನಮ್ಮ ಬಯಲುಸೀಮೆಯಲ್ಲಿ ಗೋಪುರದಂತೆ ಏಳುವ ಗುಡುಗು ಮೋಡಗಳಿಂದ ಪೈಲಟ್‌ಗಳು ದೂರ ಸರಿದು ಹಾರುತ್ತಾರೆ. ಹತ್ತಿಮತ್ತೂರಿನ ಹೊಲದ ಬದುವಿನಲ್ಲಿ ನಿಂತ ಬಾಲಕ ದಿನವೂ ಅಸ್ರ್ ನಮಾಝಿನ ಬಳಿಕ ಗಾಳಿಯ ದಿಕ್ಕು, ಮೋಡದ ರೂಪ, ಅಂದಿನ ಉಷ್ಣಾಂಶವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೆ ಅದು ಹವಾಮಾನ ಶಾಸ್ತ್ರದ ಮೊದಲ ಪಾಠ. ಆಕಾಶದಲ್ಲಿ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳನ್ನು ನೋಡಿ ಚಿಂತಿಸುವಂತೆ ಪವಿತ್ರ ಕುರ್‌ಆನ್ ಕರೆ ನೀಡಿರುವುದನ್ನು ನಾವು ಮರೆಯಬಾರದು.

ನಾಲ್ಕನೆಯದು ಇಂಗ್ಲಿಷ್. ಪರೀಕ್ಷೆಗಳೂ, ನಿಯಂತ್ರಣ ಗೋಪುರದೊಂದಿಗಿನ ಮಾತೂ ಇಂಗ್ಲಿಷಿನಲ್ಲಿ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದುವುದು ಕೊರತೆಯಲ್ಲ. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿಯೊಂದು ಪದಕ್ಕೂ ಇಂಗ್ಲಿಷ್ ಪದವನ್ನು ಬರೆದಿಡಲಿ. ದಿನಕ್ಕೊಂದು ಪುಟ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ. ಅಂದು ಕಲಿತ ಪಾಠವನ್ನು ಐದು ಇಂಗ್ಲಿಷ್ ವಾಕ್ಯಗಳಲ್ಲಿ ತಂಗಿಗೋ ಗೆಳೆಯನಿಗೋ ಹೇಳಲಿ. ನಾಲ್ಕು ವರ್ಷ ಬಿಡದೆ ಹೀಗೆ ಮಾಡಿದ ಮಗುವಿಗೆ ಯಾವ ಸಂದರ್ಶನದಲ್ಲೂ ನಾಲಗೆ ತಡವರಿಸದು.

ಐದನೆಯದು ನಡತೆ. ಇದನ್ನು ಕೊನೆಯಲ್ಲಿ ಹೇಳುವುದು ಅದರ ಮಹತ್ವ ಕಡಿಮೆಯೆಂದಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಮೃತಪಟ್ಟರು. ಬದುಕಿದವರು ಎಂಟೇ ಮಂದಿ. ಕರಾವಳಿಯ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಆ ದಿನದ ಕಣ್ಣೀರು ಇನ್ನೂ ಆರಿಲ್ಲ. ತನಿಖೆಯ ವೇಳೆ ತಿಳಿದುಬಂದದ್ದೇನು? ಕ್ಯಾಪ್ಟನ್ ಪ್ರಯಾಣದ ಬಹುಭಾಗ ನಿದ್ರಿಸಿದ್ದರು. ಇಳಿಯುವಾಗ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಕೇಳಲಿಲ್ಲ. ಕೈಚಳಕದ ಕೊರತೆಗಿಂತ ಹೆಚ್ಚಾಗಿ, ಎಚ್ಚರಿಕೆಯ ಮಾತನ್ನು ಕೇಳುವ ವಿನಯದ ಕೊರತೆಗೆ ಅಂದು ಬೆಲೆ ತೆರಬೇಕಾಯಿತು. 2011ರಲ್ಲಿ ನಕಲಿ ಅಂಕಪಟ್ಟಿ ನೀಡಿ ಲೈಸೆನ್ಸ್ ಪಡೆದ ಪೈಲಟ್‌ಗಳು ಪೊಲೀಸರ ಕೈಗೆ ಸಿಕ್ಕಿದ್ದನ್ನೂ ದೇಶ ನೋಡಿದೆ. ಪೈಲಟ್‌ನ ಬೆನ್ನ ಹಿಂದೆ ಕುಳಿತ ಪ್ರತಿಯೊಂದು ಪ್ರಾಣವೂ ಅಮಾನತ್. ಪರೀಕ್ಷೆಯಲ್ಲಿ ನಕಲು ಮಾಡದಿರುವುದು, ತಪ್ಪಾದಾಗ ಒಪ್ಪಿಕೊಳ್ಳುವುದು, ಹೊತ್ತಿಗೆ ಸರಿಯಾಗಿ ಮಲಗಿ ಫಜ್ರ್‌ಗೆ ಏಳುವುದು, ಗುಟ್ಕಾ ಸಿಗರೇಟುಗಳಿಂದ ದೂರವಿರುವುದು, ರಾತ್ರಿ ಮೊಬೈಲನ್ನು ಬದಿಗಿಡುವುದು ಇವೆಲ್ಲ ದೀನ್‌ನ ಪಾಠಗಳೂ ಹೌದು, ಪೈಲಟ್‌ನ ಪಾಠಗಳೂ ಹೌದು.

ಮದ್ರಸದಲ್ಲಿ ಓದುತ್ತಿರುವ ಮಕ್ಕಳಿಗೂ ದಾರಿ ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆಯಬಹುದು. ಬೇರೆ ವಿಭಾಗದಲ್ಲಿ ಪಿಯುಸಿ ಮುಗಿಸಿದವರು ಭೌತಶಾಸ್ತ್ರ, ಗಣಿತವನ್ನಷ್ಟೇ ಅಲ್ಲಿ ಬರೆದು ಅರ್ಹತೆ ಪಡೆದುಕೊಂಡ ನಿದರ್ಶನಗಳಿವೆ. 1989ರಲ್ಲಿ ಬೀದರ್‌ನಲ್ಲಿ ಡಾ. ಅಬ್ದುಲ್ ಖದೀರ್ ಆರಂಭಿಸಿದ ಶಾಹೀನ್ ಸಂಸ್ಥೆಯಲ್ಲಿ ಹಾಫಿಝ್‌ಗಳು ವಿಜ್ಞಾನ ಓದಿ ವೈದ್ಯಕೀಯ ಕಾಲೇಜು ಸೇರುತ್ತಿರುವುದನ್ನು ನಾವು ಕಂಡಿದ್ದೇವೆ. ವೈದ್ಯಕೀಯಕ್ಕೆ ಸಾಧ್ಯವಾದದ್ದು ವಿಮಾನಯಾನಕ್ಕೆ ಏಕೆ ಸಾಧ್ಯವಾಗದು?

ಇನ್ನು ಹಣದ ಮಾತು. ಇಲ್ಲಿ ಸುಳ್ಳು ಭರವಸೆ ನೀಡುವುದು ಪಾಪ. ಉತ್ತರಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿಯ ಶುಲ್ಕವೇ ಇತ್ತೀಚಿನ ವರ್ಷಗಳಲ್ಲಿ 45 ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಟೈಪ್ ರೇಟಿಂಗ್‌ಗೆ ಮತ್ತೆ ಹತ್ತಾರು ಲಕ್ಷ. ಬೆಂಗಳೂರಿನ ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ತರಬೇತಿ ಶಾಲೆಯಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ತರಬೇತಿ ಶಾಲೆಗಳಿಗಾಗಿ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಕೂಡ ಸೇರಿದ್ದವು. ಶಾಲೆ ಹತ್ತಿರ ಬಂದ ಮಾತ್ರಕ್ಕೆ ಶುಲ್ಕ ಹಗುರಾಗುವುದಿಲ್ಲ. ಲೈಸೆನ್ಸ್ ಸಿಕ್ಕಿದ ಮಾತ್ರಕ್ಕೆ ಕೆಲಸ ಸಿಗುತ್ತದೆಂಬ ಖಾತರಿಯೂ ಇಲ್ಲ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು ನಿಜ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿ ಪೈಲಟ್‌ಗಳು ಬೀದಿಗೆ ಬಿದ್ದದ್ದೂ ಅಷ್ಟೇ ನಿಜ. ಆದ್ದರಿಂದ ಇರುವ ಒಂದು ಮನೆಯನ್ನು ಮಾರಿ, ತಾಯಿಯ ಚಿನ್ನವನ್ನು ಅಡವಿಟ್ಟು, ಬಡ್ಡಿಯ ಸಾಲಕ್ಕೆ ಕೊರಳೊಡ್ಡಿ ಮಗನನ್ನು ಪೈಲಟ್ ಮಾಡಿರೆಂದು ನಾವು ಯಾವ ತಂದೆಗೂ ಹೇಳಲಾರೆವು. ಉದ್ಯೋಗದ ಖಾತರಿ ಕೊಡುತ್ತೇವೆಂದು ಮುಂಗಡ ಕೇಳುವ ಏಜೆಂಟರನ್ನು ನಂಬದಿರಿ. ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ, ವಿಮಾನಗಳೆಷ್ಟು, ಕಳೆದ ತಂಡ 200 ತಾಸು ಮುಗಿಸಲು ಎಷ್ಟು ಕಾಲ ತೆಗೆದುಕೊಂಡಿತು ಎಂದು ಅಲ್ಲಿ ಕಲಿತವರನ್ನೇ ಕೇಳಿರಿ.

ಹಣವಿಲ್ಲದವರಿಗೂ ಒಂದು ರಾಜಮಾರ್ಗವಿದೆ. ಅದು ಭಾರತೀಯ ವಾಯುಪಡೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಂದಿಗೆ ದ್ವಿತೀಯ ಪಿಯುಸಿ ಓದಿದವರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಯುಪಿಎಸ್‌ಸಿ ವರ್ಷಕ್ಕೆರಡು ಬಾರಿ ನಡೆಸುವ ಎನ್‌ಡಿಎ ಪರೀಕ್ಷೆ ಬರೆಯಬಹುದು. ಆಯ್ಕೆಯಾದವರ ತರಬೇತಿಯ ವೆಚ್ಚ ಸರ್ಕಾರದ್ದು. 2021ರ ಸುಪ್ರೀಮ್ ಕೋರ್ಟ್ ಆದೇಶದ ಬಳಿಕ ಹೆಣ್ಣುಮಕ್ಕಳಿಗೂ ಈ ಬಾಗಿಲು ತೆರೆದಿದೆ. ಇದಕ್ಕೆ ಸಿದ್ಧಗೊಳಿಸುವ ಸೈನಿಕ ಶಾಲೆಗಳು ವಿಜಯಪುರ ಮತ್ತು ಕೊಡಗಿನಲ್ಲಿವೆ. ಆರನೆಯ ಮತ್ತು ಒಂಬತ್ತನೆಯ ತರಗತಿಗೆ ಅಖಿಲ ಭಾರತ ಪ್ರವೇಶ ಪರೀಕ್ಷೆ ಇರುತ್ತದೆ. ಎಂಟನೆಯ ತರಗತಿಯಲ್ಲಿರುವ ಆ ಬಾಲಕನಿಗೆ ಈ ವರ್ಷವೇ ಅವಕಾಶ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆಯಿದೆ. ನಮ್ಮ ಜಮಾಅತ್‌ಗಳ ಸೂಚನಾ ಫಲಕಗಳಲ್ಲಿ ಈ ಅರ್ಜಿಗಳ ಕೊನೆಯ ದಿನಾಂಕವನ್ನು ಎಂದಾದರೂ ಕಂಡಿದ್ದೀರಾ?

ಇಲ್ಲಿಯೇ ಸಮುದಾಯದ ಹೊಣೆಗಾರಿಕೆಯ ಪ್ರಶ್ನೆ ಬರುವುದು. ನಮ್ಮ ಪಟ್ಟಣಗಳ ಒಂದೊಂದು ಮದುವೆಯ ದೀಪಾಲಂಕಾರಕ್ಕೆ, ಊಟದ ಬಗೆಗಳಿಗೆ, ವರದಕ್ಷಿಣೆಗೆ ಸುರಿಯುವ ಹಣದ ಲೆಕ್ಕ ನಮಗೆಲ್ಲ ಗೊತ್ತು. ಒಂದು ಪಟ್ಟಣದ ಹತ್ತು ಮದುವೆಗಳ ಆಡಂಬರ ನಿಂತರೆ ಒಬ್ಬ ಪ್ರತಿಭಾವಂತನ ತರಬೇತಿಗೆ ಬಡ್ಡಿರಹಿತ ಸಾಲ ನೀಡುವ ನಿಧಿ ಹುಟ್ಟಬಹುದು. ಆತ ದುಡಿಯತೊಡಗಿದ ಮೇಲೆ ಮರಳಿಸಿದ ಹಣದಿಂದ ಇನ್ನೊಬ್ಬ ಓದಬಹುದು. ಕರ್ಝೆ ಹಸನ್ ಎಂದರೆ ಇದೇ ಅಲ್ಲವೇ? ಸವಣೂರಿನ ಅಂಜುಮನ್ ಒಂದಕ್ಕೇ ಈ ಭಾರ ಹೊರಲಾಗದಿದ್ದರೆ ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರುಗಳ ಸಂಘಟನೆಗಳು ಕೈಜೋಡಿಸಲಿ. ಹೈದರಾಬಾದಿನಲ್ಲಿ ಒಂದು ಪತ್ರಿಕೆ ಮಾಡಿದ್ದನ್ನು ಒಂದು ಜಿಲ್ಲೆಯ ಜಮಾಅತ್‌ಗಳು ಒಟ್ಟಾಗಿ ಮಾಡಲಾರವೇ?

ಸರ್ಕಾರಗಳನ್ನೂ ಪ್ರಶ್ನಿಸದೆ ಬಿಡಲಾಗದು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯ ನೀಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನೂ, ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ, ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೂ ಕೇಂದ್ರ ಸರ್ಕಾರ 2022ರಲ್ಲಿ ಕೈಬಿಟ್ಟಿತು. ಏಣಿಯನ್ನು ತೆಗೆದಿಟ್ಟು ಮೇಲೇರಿಲ್ಲವೇಕೆಂದು ಕೇಳುವುದು ಯಾವ ನ್ಯಾಯ? ಕರ್ನಾಟಕದಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ವೃತ್ತಿಶಿಕ್ಷಣದ ವಿದ್ಯಾರ್ಥಿಗಳಿಗೆ ಆಸರೆಯಾಗಿದೆ. ಆದರೆ ವಿಮಾನಯಾನದ ವೆಚ್ಚದ ಗಾತ್ರವೇ ಬೇರೆ. ತೆಲಂಗಾಣ ಒಬ್ಬ ಹೆಣ್ಣುಮಗಳಿಗೆ ಮಾಡಿದ ಸಹಾಯವನ್ನು ಕರ್ನಾಟಕ ಸರ್ಕಾರ ಪ್ರತಿಭೆಯ ಆಧಾರದಲ್ಲಿ ವರ್ಷಕ್ಕೆ ಕೆಲವರಿಗಾದರೂ ದೊರೆಯುವ ಖಾಯಂ ಯೋಜನೆಯಾಗಿ ರೂಪಿಸಲಿ. ಈ ಬೇಡಿಕೆಯನ್ನು ಹಿಡಿದು ಶಾಸಕರ ಬಳಿ ಹೋಗುವವರು ಜೊತೆಗೆ ಪಿಯುಸಿ ವಿಜ್ಞಾನದಲ್ಲಿ ಉತ್ತಮ ಅಂಕ ಪಡೆದ ಹತ್ತು ಮಕ್ಕಳ ಪಟ್ಟಿಯನ್ನೂ ಒಯ್ಯಬೇಕು. ಪಟ್ಟಿಯಿಲ್ಲದ ಬೇಡಿಕೆಗೆ ಬಲವಿಲ್ಲ.

ಸಿದ್ಧತೆ ಮಾಡಿಕೊಂಡ ಪ್ರತಿಯೊಬ್ಬರೂ ಪೈಲಟ್ ಆಗುವುದಿಲ್ಲ. ಕಣ್ಣು, ಹಣ, ಅದೃಷ್ಟ ಯಾವುದಾದರೂ ತಡೆಯಬಹುದು. ಆದರೆ ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಕಲಿತು ಶಿಸ್ತು ರೂಢಿಸಿಕೊಂಡ ಮಗುವಿನ ನಾಲ್ಕು ವರ್ಷಗಳು ವ್ಯರ್ಥವಾಗವು. ವಿಮಾನ ದುರಸ್ತಿಯ ಇಂಜಿನಿಯರ್, ವಿಮಾನ ಸಂಚಾರ ನಿಯಂತ್ರಕ, ಹವಾಮಾನ ತಜ್ಞ, ಒಳ್ಳೆಯ ಗಣಿತ ಶಿಕ್ಷಕ ಹೀಗೆ ಎಷ್ಟೋ ಬಾಗಿಲುಗಳು ಅದೇ ಕೀಲಿಕೈಯಿಂದ ತೆರೆಯುತ್ತವೆ. ಒಂಟೆಯನ್ನು ಕಟ್ಟಿಹಾಕುವುದು ನಮ್ಮ ಕೆಲಸ, ಫಲಿತಾಂಶ ಅಲ್ಲಾಹನ ಕೈಯಲ್ಲಿ.

ಹತ್ತಿಮತ್ತೂರಿನ ಸಹೋದರರೇ, ನೀವು ಇಂದು ಏನು ಮಾಡಬೇಕೆಂದು ಕೇಳಿದ್ದಿರಿ. ಮುಂದಿನ ಸಂತೆಯಿಲ್ಲದ ದಿನ ಮಗನನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ಯಿರಿ. ಅವನ ಗಣಿತ ಶಿಕ್ಷಕರನ್ನು ಭೇಟಿಯಾಗಿ, ನನ್ನ ಮಗ ಎಲ್ಲಿ ಎಡವುತ್ತಿದ್ದಾನೆಂದು ಕೇಳಿರಿ. ಸೈನಿಕ ಶಾಲೆಯ ಅರ್ಜಿಯ ಬಗ್ಗೆ ವಿಚಾರಿಸಿರಿ. ನಕ್ಕ ನೆಂಟರ ಮೇಲೆ ಸಿಟ್ಟಾಗಬೇಡಿ, ಅವರಿಗೂ ಯಾರೂ ದಾರಿ ಹೇಳಿರಲಿಲ್ಲ. ಮಗನಿಗೆ ತಿಳಿಹೇಳುವುದಿದ್ದರೆ ಇಷ್ಟನ್ನು ಹೇಳಿರಿ: ಇದು ಕಷ್ಟದ ದಾರಿ, ಆದರೆ ನಿನಗೆ ನಿಷೇಧಿಸಿದ ದಾರಿಯಲ್ಲ. ಉಳಿದದ್ದನ್ನು ಹೇಳಬೇಕಾದದ್ದು ನಿಮ್ಮೊಬ್ಬರ ಹೊಣೆಯಲ್ಲ. ಅದು ನಿಮ್ಮ ಮಹಲ್ಲಾದ, ನಮ್ಮ ಸಂಘಟನೆಗಳ, ಈ ಪತ್ರಿಕೆಯ ಹೊಣೆ ಕೂಡ.